ದುರ್ನಾತಕ್ಕೆ ಮದ್ದು ಮಣ್ಣಿನಲ್ಲೇ ಇದೆ: ಕುಳಗೇರಿ ಕ್ರಾಸ್‌ನಿಂದ ಕೋಟೆಪುರದವರೆಗೆ ಒಂದೇ ಪ್ರಶ್ನೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿದ ಮೇಲೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿ ನೋಡಲು ಹೊರಟ ಕರಾವಳಿಯ ಮಂದಿ ಇಲ್ಲಿಯೇ ತಿರುಗಬೇಕು. ನಾವೂ ಕಳೆದ ಚಳಿಗಾಲದಲ್ಲಿ ಅಲ್ಲಿ ಚಹಾಕ್ಕೆ ಇಳಿದಿದ್ದೆವು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಚಹಾ ಕೊಟ್ಟ ಯಜಮಾನರೊಡನೆ ಮಾತಿಗೆ ಮಾತು ಬೆಳೆದು ಕಾರ್ಖಾನೆಗಳ ವಾಸನೆಯ ವಿಷಯ ಬಂತು. "ನಮ್ಮ ಅಕ್ಕನ್ನ ಕೊಟ್ಟಿದ್ದು ಕಾರ್ಖಾನಿ ಬಾಜೂ ಊರಿಗೇ ರೀ. ಮೊದಲ ಮೊದಲ ಊಟ ಸೇರ್ತಿದ್ದಿಲ್ಲ ಅಂತಿದ್ಲು. ಈಗ ರೂಢಿ ಆಗೈತ್ರೀ" ಎಂದರು ಅವರು.

"ರೂಢಿ ಆಗೈತಿ" ಎಂಬ ಆ ಮಾತು ನಮ್ಮನ್ನು ಊರಿನವರೆಗೂ ಹಿಂಬಾಲಿಸಿತು. ಏಕೆಂದರೆ ಅದೇ ಮಾತನ್ನು ನಾವು ನಮ್ಮ ಕರಾವಳಿಯಲ್ಲಿಯೂ ಕೇಳಿದ್ದೇವೆ. ಮೀನಿನ ಹುಡಿ ತಯಾರಿಸುವ ಕಾರ್ಖಾನೆಗಳ ಸುತ್ತಲಿನ ಮನೆಗಳಲ್ಲಿ, ಕಸ ಸುರಿಯುವ ಗುಡ್ಡಗಳ ಕೆಳಗಿನ ಓಣಿಗಳಲ್ಲಿ ಕಿಟಕಿ ಮುಚ್ಚಿಕೊಂಡೇ ಬದುಕುವವರಿದ್ದಾರೆ. ದುರ್ನಾತವೆಂಬುದು ಸಹಿಸಿಕೊಳ್ಳಲೇಬೇಕಾದ ಹಣೆಬರಹವೇ? ಅಥವಾ ಅದಕ್ಕೆ ಮದ್ದು ಇದ್ದೂ ನಾವು ಕೇಳದೆ ಕುಳಿತಿದ್ದೇವೆಯೇ? ಈ ವಾರ ನಾವು ಚಿಂತಿಸಬೇಕೆಂದಿರುವುದು ಇದನ್ನೇ.

ಎಥೆನಾಲ್ ಬಂತು, ಗಾಳಿಯ ಲೆಕ್ಕ ಬರಲಿಲ್ಲ

ಸಕ್ಕರೆ ಉತ್ಪಾದನೆಯಲ್ಲಿ ಉತ್ತರ ಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರದ ಸ್ಥಾನ ಕರ್ನಾಟಕದ್ದು. ಅದರಲ್ಲಿಯೂ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳದ್ದು ಸಿಂಹಪಾಲು. ಸಮೀರವಾಡಿ, ಮುಧೋಳ, ಜಮಖಂಡಿ ಸುತ್ತಮುತ್ತ ಕಾರ್ಖಾನೆಗಳ ಚಿಮಣಿಗಳು ದೂರದಿಂದಲೇ ಕಾಣುತ್ತವೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಈ ಕಾರ್ಖಾನೆಗಳ ಮಗ್ಗುಲಲ್ಲಿ ಎಥೆನಾಲ್ ಘಟಕಗಳು ಬೆಳೆದವು. ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಟ್ಟುಕೊಂಡು, ಮತ್ತೆ ಹಿಂದಕ್ಕೆ ತಂದು, 2025ರಲ್ಲಿ ದೇಶ ಅದನ್ನು ಮುಟ್ಟಿತು. ಇದರಿಂದ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿತೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಪ್ಪು ಕೊಳೆನೀರು ಉಳಿಯುತ್ತದೆ. ಇದನ್ನು ಸ್ಪೆಂಟ್‌ವಾಶ್ ಎನ್ನುತ್ತಾರೆ. ಇದು ಕೊಳೆಯುವಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಹಳಸಿದ ಬೆಣ್ಣೆಯಂತೆ ನಾರುವ ಬ್ಯುಟಿರಿಕ್ ಆಮ್ಲ ಬರುತ್ತದೆ. ಸ್ಕಟೋಲ್, ಇಂಡೋಲ್‌ಗಳಂತಹ ಸಾವಯವ ಅನಿಲಗಳೂ ಬರುತ್ತವೆ. 2003ರಲ್ಲಿ ಕೇಂದ್ರ ಸರಕಾರವು ಉದ್ಯಮಗಳೊಡನೆ ಮಾಡಿಕೊಂಡ ಪರಿಸರ ಸನ್ನದಿನಲ್ಲಿ, ಡಿಸ್ಟಿಲರಿಗಳು ಈ ನೀರನ್ನು ನದಿ ಹಳ್ಳಗಳಿಗೆ ಬಿಡುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ಗುರಿ ಬಂತು. ಅದು ಒಳ್ಳೆಯದೇ ಆಯಿತು. ಆ ನೀರನ್ನು ಆವಿಮಾಡಿ ಗಟ್ಟಿಗೊಳಿಸಿ ಬಾಯ್ಲರಿನಲ್ಲಿ ಉರಿಸುವುದು, ಗೊಬ್ಬರ ಮಾಡುವುದು ಆರಂಭವಾಯಿತು. ಆದರೆ ನೀರಿಗೆ ಸಿಕ್ಕಷ್ಟು ಗಮನ ಗಾಳಿಗೆ ಸಿಗಲಿಲ್ಲ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಕುಳಿತು ಹೋರಾಡಿದ್ದು ಓದುಗರಿಗೆ ನೆನಪಿರಬಹುದು. ಕೊನೆಗೆ ಟನ್ನಿಗೆ 3,300 ರೂಪಾಯಿ ದರ ಘೋಷಣೆಯಾಯಿತು. ರೈತರ ಬೆವರಿಗೆ ಬೆಲೆ ಬೇಕೆಂಬುದು ನ್ಯಾಯದ ಮಾತು. ಆದರೆ ಕಬ್ಬಿಗೆ ಬೆಲೆ ಕಟ್ಟಿದಂತೆ, ಆ ಕಬ್ಬು ಬೆಳೆದ ಊರಿನವರು ಉಸಿರಾಡುವ ಗಾಳಿಗೂ ಯಾರಾದರೂ ಬೆಲೆ ಕಟ್ಟಬೇಕಲ್ಲವೇ?

ಮೂಗು ಸುಮ್ಮನಾದರೆ ಅಪಾಯ

ವಾಸನೆ ಬರೇ ಕಿರಿಕಿರಿಯ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ನಾವು ಮಂಗಳೂರಿನದೇ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. 2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ಟ್ಯಾಂಕಿಗೆ ಇಳಿದ ಕಾರ್ಮಿಕನೊಬ್ಬ ಕುಸಿದುಬಿದ್ದ. ಅವನನ್ನು ಎತ್ತಲು ಇತರರು ಇಳಿದರು. ವಿಷಗಾಳಿಗೆ ಒಟ್ಟು ಐದು ಜೀವಗಳು ಬಲಿಯಾದವು. ಐವರೂ ದೂರದ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದ ಹುಡುಗರು.

ಹೈಡ್ರೋಜನ್ ಸಲ್ಫೈಡಿನ ಗುಣವೇ ಹಾಗೆ. ಅತಿ ಕಡಿಮೆ ಇದ್ದಾಗ ಮೂಗಿಗೆ ಗೊತ್ತಾಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರರಷ್ಟು ಭಾಗ ಆಗುವಾಗ ವಾಸನೆ ಗ್ರಹಿಸುವ ನರವೇ ಸೋತುಹೋಗುತ್ತದೆ. ವಾಸನೆ ಹೋಯಿತೆಂದು ಮನುಷ್ಯ ಭಾವಿಸುತ್ತಾನೆ, ಅಪಾಯ ಮಾತ್ರ ಹೆಚ್ಚುತ್ತಿರುತ್ತದೆ. ಬಯಲಲ್ಲಿ ಹರಡುವ ದುರ್ನಾತ ಟ್ಯಾಂಕಿನೊಳಗಿನಷ್ಟು ದಟ್ಟವಲ್ಲ, ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ಯುರೋಪಿಗಾಗಿ 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ವಾಸನೆಯ ಕಿರುಕುಳ ತಪ್ಪಬೇಕಾದರೆ ಅರ್ಧ ಗಂಟೆಯ ಸರಾಸರಿಯಲ್ಲಿ ಈ ಅನಿಲ ಘನಮೀಟರಿಗೆ 7 ಮೈಕ್ರೋಗ್ರಾಂ ಮೀರಬಾರದು ಎಂದು ಹೇಳಿದೆ. ಅಂದರೆ ನೆಮ್ಮದಿ ಕೆಡಿಸುವ ವಾಸನೆಯೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಹೀಗಿರುವಾಗ "ರೂಢಿ ಆಗಿದೆ" ಎಂಬ ಮಾತಿನಿಂದ ನಾವು ಸಮಾಧಾನಪಟ್ಟುಕೊಳ್ಳಲು ಹೇಗೆ ಸಾಧ್ಯ? ಮೂಗಿಗೆ ರೂಢಿಯಾಗಬಹುದು, ಶ್ವಾಸಕೋಶಕ್ಕೂ ಆಗಿದೆಯೆಂದು ಯಾರು ಹೇಳಿದರು?

ಗಾಳಿಯನ್ನು ತಿನ್ನುವ ಜೀವಿಗಳು

ಈಗ ಮದ್ದಿನ ವಿಷಯಕ್ಕೆ ಬರೋಣ. ಗೊಬ್ಬರದ ಗುಂಡಿಯ ಮೇಲೆ ಒಂದು ಅಡಿ ಮಣ್ಣು ಮುಚ್ಚಿದರೆ ವಾಸನೆ ಅಡಗುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಮಣ್ಣು ವಾಸನೆಯನ್ನು ತಡೆಹಿಡಿಯುವುದು ಮಾತ್ರವಲ್ಲ, ತಿನ್ನುತ್ತದೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಆ ಸಾವಯವ ಅನಿಲಗಳೇ ಆಹಾರ. ಅವು ಅದನ್ನು ಅರಗಿಸಿಕೊಂಡು ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿ ಮಾಡುತ್ತವೆ.

ಇದನ್ನೇ ಶಾಸ್ತ್ರೀಯವಾಗಿ ಕಟ್ಟಿದರೆ ಅದಕ್ಕೆ ಬಯೋಫಿಲ್ಟರ್ ಅಥವಾ ಜೈವಿಕ ಶೋಧಕ ಎಂದು ಹೆಸರು. ಚರಂಡಿ ನೀರಿನ ಘಟಕದ ದುರ್ನಾತವನ್ನು ಹೀಗೆ ಕಳೆಯಬಹುದೆಂದು 1923ರಲ್ಲಿಯೇ ಜರ್ಮನಿಯ ಬಾಕ್ ಎಂಬವರು ಬರೆದಿದ್ದರು. 1957ರಲ್ಲಿ ಅಮೆರಿಕದ ರಿಚರ್ಡ್ ಪೊಮೆರಾಯ್ ಮಣ್ಣಿನ ಹಾಸಿನ ವಿಧಾನಕ್ಕೆ ಪೇಟೆಂಟ್ ಪಡೆದರು. 1980ರ ದಶಕದಲ್ಲಿ ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಇದು ಕಾರ್ಖಾನೆಗಳಿಗೆ ವ್ಯಾಪಕವಾಗಿ ಬಂತು. ನಮ್ಮ ದೇಶಕ್ಕೂ ಇದು ಹೊಸತಲ್ಲ. ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ, ಸಾವಯವ ಅನಿಲ ಮತ್ತು ವಾಸನೆಗಳನ್ನು ಕಳೆಯುವ ಜೈವಿಕ ವಿಧಾನಗಳ ಸಮೀಕ್ಷೆಯೊಂದನ್ನು 2010ರಲ್ಲಿ ಪ್ರಕಟಿಸಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2008ರಲ್ಲಿ ಹೊರಡಿಸಿದ ದುರ್ವಾಸನೆ ನಿಯಂತ್ರಣದ ಮಾರ್ಗಸೂಚಿಯಲ್ಲಿಯೂ ಇದರ ಪ್ರಸ್ತಾಪವಿದೆ.

ಇದು ಕೆಲಸ ಮಾಡುವ ಬಗೆ ಸರಳ. ಕಾರ್ಖಾನೆಯ ಕೆಟ್ಟ ಗಾಳಿಯನ್ನು ಫ್ಯಾನಿನಿಂದ ಎಳೆದು, ಧೂಳು ತೆಗೆದು, ನೀರು ಸಿಂಪಡಿಸಿ ತೇವ ಮಾಡುತ್ತಾರೆ. ಆಮೇಲೆ ಒಂದು ಒಂದೂವರೆ ಮೀಟರ್ ದಪ್ಪದ ಹಾಸಿನ ಅಡಿಯಿಂದ ಮೇಲಕ್ಕೆ ಬಿಡುತ್ತಾರೆ. ಹಾಸಿನಲ್ಲಿ ಕಾಂಪೋಸ್ಟ್, ಮರದ ಚಕ್ಕೆ, ತೊಗಟೆ, ತೆಂಗಿನ ನಾರು ಇರುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಗಾಳಿ ಅದನ್ನು ದಾಟುತ್ತದೆ. ಅಷ್ಟರಲ್ಲಿ ಸುಲಭವಾಗಿ ಅರಗುವ ಅನಿಲಗಳಾದರೆ ಶೇಕಡಾ 90ಕ್ಕಿಂತಲೂ ಹೆಚ್ಚು ಕಳೆಯಬಹುದು.

ಒಂದು ಲೆಕ್ಕ ನೋಡೋಣ. ಗಂಟೆಗೆ 10,000 ಘನಮೀಟರ್ ಕೆಟ್ಟ ಗಾಳಿ ಬಿಡುವ ಘಟಕವಿದೆ ಎಂದುಕೊಳ್ಳಿ. ಒಂದು ಚದರ ಮೀಟರ್ ಹಾಸಿಗೆ ಗಂಟೆಗೆ 100 ಘನಮೀಟರ್ ಗಾಳಿ ಎಂದು ಹಿಡಿದರೆ 100 ಚದರ ಮೀಟರ್ ಜಾಗ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡೂವರೆ ಸೆಂಟ್ಸ್ ಸ್ಥಳ. ಹಾಸು ಒಂದು ಮೀಟರ್ ದಪ್ಪವಿದ್ದರೆ ಗಾಳಿ 36 ಸೆಕೆಂಡು ಅದರೊಳಗಿರುತ್ತದೆ. ಅನಿಲವನ್ನು ಸುಟ್ಟು ಕಳೆಯುವ ಯಂತ್ರಕ್ಕೆ ದಿನವೂ ಇಂಧನ ಬೇಕು, ರಾಸಾಯನಿಕದಿಂದ ತೊಳೆಯುವ ಯಂತ್ರಕ್ಕೆ ದಿನವೂ ರಾಸಾಯನಿಕ ಬೇಕು. ಇದಕ್ಕೆ ಫ್ಯಾನಿನ ಕರೆಂಟು, ಸ್ವಲ್ಪ ನೀರು ಮತ್ತು ಎರಡರಿಂದ ಐದು ವರ್ಷಕ್ಕೊಮ್ಮೆ ಹೊಸ ಹಾಸು ಸಾಕು.

ಇದು ಸರ್ವರೋಗಕ್ಕೆ ಮದ್ದೇನೂ ಅಲ್ಲ

ಆದರೆ ಬಯೋಫಿಲ್ಟರ್ ಎಂಬ ಹೆಸರು ಕೇಳಿದ ಕೂಡಲೇ ಚಪ್ಪಾಳೆ ತಟ್ಟುವುದು ಬೇಡ. ಇದಕ್ಕೂ ಮಿತಿಗಳಿವೆ.

ಮೊದಲನೆಯದಾಗಿ, ಹಿಡಿಯದ ಗಾಳಿಯನ್ನು ಶುದ್ಧ ಮಾಡಲಾಗದು. ಸ್ಪೆಂಟ್‌ವಾಶನ್ನು ತೆರೆದ ಹೊಂಡದಲ್ಲಿ ನಿಲ್ಲಿಸಿದರೆ, ಮೀನಿನ ತ್ಯಾಜ್ಯವನ್ನು ಬಯಲಲ್ಲಿ ಇಟ್ಟರೆ ಯಾವ ಫಿಲ್ಟರೂ ಏನೂ ಮಾಡದು. ಮುಚ್ಚಳ ಮೊದಲು, ಫಿಲ್ಟರ್ ಆಮೇಲೆ.

ಎರಡನೆಯದಾಗಿ, ಅದರೊಳಗಿರುವುದು ಜೀವಿಗಳು. ಮೀನು ಬೇಯಿಸಿ ಒಣಗಿಸುವ ಯಂತ್ರದಿಂದ ಬರುವ ಬಿಸಿ ಹಬೆಯನ್ನು ನೇರವಾಗಿ ಬಿಟ್ಟರೆ ಅವು ಸಾಯುತ್ತವೆ. ಗಾಳಿ ಸುಮಾರು 40 ಡಿಗ್ರಿಗಿಂತ ಕೆಳಗೆ ಇಳಿಯಬೇಕು. ಹಾಸು ಒಣಗಬಾರದು, ನೀರು ನಿಂತು ಕೊಳೆಯಲೂಬಾರದು. ತೇವ ಸುಮಾರು ಅರ್ಧದಷ್ಟಿರಬೇಕು. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದರೆ ಹಾಸು ಹುಳಿಯಾಗುತ್ತದೆ, ಅದನ್ನು ಸರಿಪಡಿಸುತ್ತಿರಬೇಕು. ಹೊಸ ಹಾಸಿನ ಜೀವಿಗಳು ಹೊಂದಿಕೊಳ್ಳಲು ಕೆಲವು ವಾರಗಳೇ ಬೇಕು. ಹಂಗಾಮು ಮುಗಿದು ಕಾರ್ಖಾನೆ ನಿಂತರೆ ಅವುಗಳಿಗೆ ಉಪವಾಸ. ತೋಟಕ್ಕೆ ದಿನಾ ಹೋಗಿ ನೋಡುವಂತೆ ಇದನ್ನೂ ಒಬ್ಬರು ನೋಡಿಕೊಳ್ಳಬೇಕು. ಕಟ್ಟಿ ಉದ್ಘಾಟನೆ ಮಾಡಿ ಮರೆತುಬಿಟ್ಟರೆ ಆರು ತಿಂಗಳಲ್ಲಿ ಅದು ಬರೇ ಒಣಕಸದ ರಾಶಿ.

ಮೂರನೆಯದಾಗಿ, ಕ್ಲೋರಿನ್ ಸೇರಿದ ಕೆಲವು ದ್ರಾವಕಗಳು, ಅತಿ ದಟ್ಟವಾದ ಅನಿಲಗಳು ಜೀವಿಗಳಿಗೆ ಅರಗುವುದಿಲ್ಲ. ಅಂಥವಕ್ಕೆ ಬೇರೆ ದಾರಿಯೇ ಬೇಕು.

ಎಂಜಿನಿಗೆ ಇರುವ ಬೆಲೆ ಮನುಷ್ಯನಿಗಿಲ್ಲವೇ?

ಇಲ್ಲಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಸಂಗತಿಯನ್ನು ಹೇಳಲೇಬೇಕು. ಸ್ಪೆಂಟ್‌ವಾಶಿನಿಂದ ಬಯೋಗ್ಯಾಸ್ ತೆಗೆದು ವಿದ್ಯುತ್ ಉತ್ಪಾದಿಸುವ ಡಿಸ್ಟಿಲರಿಗಳು ನಮ್ಮ ದೇಶದಲ್ಲಿ ಹಲವಿವೆ. ಆ ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಜಿನ್ನಿನ ಲೋಹವನ್ನು ತಿಂದುಹಾಕುತ್ತದೆ. ಆದುದರಿಂದ ಎಂಜಿನಿಗೆ ಹೋಗುವ ಮೊದಲು ಅದನ್ನು ಗಂಧಕ ತಿನ್ನುವ ಬ್ಯಾಕ್ಟೀರಿಯಾಗಳಿರುವ ಗೋಪುರದ ಮೂಲಕ ಹಾಯಿಸಿ ತೊಳೆಯುತ್ತಾರೆ. ಅದನ್ನು ನಿಷ್ಠೆಯಿಂದ ನೋಡಿಕೊಳ್ಳುತ್ತಾರೆ ಕೂಡ, ಏಕೆಂದರೆ ಎಂಜಿನ್ ಕೆಟ್ಟರೆ ಲಕ್ಷಗಟ್ಟಲೆ ನಷ್ಟ.

ಅಂದರೆ ತಂತ್ರಜ್ಞಾನ ಗೊತ್ತಿಲ್ಲ ಎಂಬ ನೆಪ ನಿಲ್ಲುವುದಿಲ್ಲ. ಎಂಜಿನ್ನಿನ ಕೊಳವೆ ಸವೆಯುವುದು ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಪಕ್ಕದ ಊರಿನ ತಾಯಿ ಮಗುವಿಗೆ ಉಣಿಸಲು ಬಾಗಿಲು ಮುಚ್ಚಿಕೊಳ್ಳುವುದು ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲಿಯೇ.

ಕಾನೂನೂ ಇದಕ್ಕೆ ಪೂರ್ತಿ ಹೊರತಲ್ಲ. 1981ರ ವಾಯು ಕಾಯ್ದೆಯ ಮಾಲಿನ್ಯಕಾರಕದ ವ್ಯಾಖ್ಯೆಗೆ 1987ರ ತಿದ್ದುಪಡಿಯಲ್ಲಿ ಶಬ್ದವನ್ನೂ ಸೇರಿಸಲಾಯಿತು. ವಾಸನೆಯನ್ನು ಹೆಸರಿಸಿ ಸೇರಿಸಲಿಲ್ಲ. 2009ರಲ್ಲಿ ಅಧಿಸೂಚಿಸಿದ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿ 12 ಮಾಲಿನ್ಯಕಾರಕಗಳಿವೆ. ಅಮೋನಿಯಾ, ಬೆಂಜೀನ್ ಅದರಲ್ಲಿವೆ, ಹೈಡ್ರೋಜನ್ ಸಲ್ಫೈಡ್ ಇಲ್ಲ. ಹಾಗಾಗಿ ಊರಿನವರು ದೂರು ಕೊಟ್ಟಾಗ ಯಂತ್ರ ತಂದು ಅಳೆದು "ಎಲ್ಲವೂ ಮಿತಿಯೊಳಗಿದೆ" ಎಂದು ಹೇಳಲು ಅವಕಾಶವಾಗುತ್ತದೆ. ಮೂಗಿನ ಸಾಕ್ಷಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಆದರೂ ಒಂದು ಬಾಗಿಲು ತೆರೆದಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ನಿವಾಸಿಗಳು ತೆರೆದ ಚರಂಡಿ ಮತ್ತು ದುರ್ನಾತದ ವಿರುದ್ಧ ದೂರಿದ ಮೊಕದ್ದಮೆಯಲ್ಲಿ 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಣವಿಲ್ಲವೆಂಬ ಕಾರಣ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ಜಾರಿಕೊಳ್ಳಲಾಗದು ಎಂದು ತೀರ್ಪಿತ್ತರು. ಅಂದು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಸಾರ್ವಜನಿಕ ಉಪದ್ರವವನ್ನು ತೆಗೆಯಲು ಆದೇಶ ನೀಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಾರಿಯೂ ಇದೆ. ಬೆಂಗಳೂರಿನ ಕೂಡ್ಲು ಬಳಿಯ ಕಾಂಪೋಸ್ಟ್ ಘಟಕದ ದುರ್ನಾತದ ದೂರು ಅಲ್ಲಿಯವರೆಗೆ ಹೋಗಿತ್ತು. ಕಾಂಪೋಸ್ಟ್ ದುರ್ನಾತಕ್ಕೆ ಮದ್ದು ಎಂದೆವು. ಆದರೆ ಅದನ್ನು ತಯಾರಿಸುವ ಸ್ಥಳವೇ ನಾರಿದರೆ ತಪ್ಪು ಯಾರದ್ದು? ವಿದ್ಯೆಯದ್ದಲ್ಲ, ನಿರ್ವಹಣೆಯದ್ದು.

ಮುಚ್ಚಿ ಎನ್ನುವುದು ಸುಲಭ

ಉಳ್ಳಾಲದ ಕೋಟೆಪುರದಲ್ಲಿ ಮೀನಿನ ಹುಡಿ ಮತ್ತು ಮೀನೆಣ್ಣೆ ಕಾರ್ಖಾನೆಗಳ ವಾಸನೆಯ ದೂರು ಹಳೆಯದು. ಮೀನು ಹಳಸಿದಾಗ ಬರುವ ಟ್ರೈಮೀಥೈಲ್ ಅಮೀನ್ ಎಂಬ ಅನಿಲ ಅತ್ಯಲ್ಪವಿದ್ದರೂ ಮೂಗಿಗೆ ಹೊಡೆಯುತ್ತದೆ. ಹಗಲು ಕಡಲಗಾಳಿ ಅದನ್ನು ಊರೊಳಗೆ ತರುತ್ತದೆ, ರಾತ್ರಿ ನೆಲದ ಗಾಳಿ ಮರಳಿ ಕಡಲಿಗೆ ಒಯ್ಯುತ್ತದೆ. ಬಾಗಲಕೋಟೆಯ ಬಯಲಿನಲ್ಲಿ ಹಾಗಲ್ಲ. ಕಬ್ಬು ಅರೆಯುವ ಹಂಗಾಮು ಚಳಿಗಾಲದಲ್ಲಿಯೇ ಬರುತ್ತದೆ. ಚಳಿಗಾಲದ ಮುಂಜಾವಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುವುದರಿಂದ ವಾಸನೆ ಮೇಲೇರದೆ ಊರಿನ ಮೇಲೆಯೇ ಹಾಸಿಕೊಳ್ಳುತ್ತದೆ.

ಹಾಗಾದರೆ ಕಾರ್ಖಾನೆಗಳನ್ನು ಮುಚ್ಚಬೇಕೇ? ಹಾಗೆನ್ನಲು ನಮ್ಮ ನಾಲಗೆ ಏಳುವುದಿಲ್ಲ. ಊಟಕ್ಕೆ ಬಾರದ ಮೀನನ್ನು ಕೊಳ್ಳುವವರು ಇವರೇ ಆದುದರಿಂದ ಬೋಟಿನವರ ಖರ್ಚು ಹೊರಡುತ್ತದೆ. ಕಬ್ಬು ಕಡಿಯುವ ತಾಂಡಾಗಳ ಕುಟುಂಬಗಳು ವರ್ಷದ ಅರ್ಧ ಅನ್ನವನ್ನು ಆ ಹಂಗಾಮಿನಲ್ಲಿಯೇ ದುಡಿಯುತ್ತವೆ. ದುರ್ನಾತ ತಿನ್ನುವವರೂ, ಆ ಕಾರ್ಖಾನೆಯ ಅನ್ನ ತಿನ್ನುವವರೂ ಹೆಚ್ಚಾಗಿ ಒಂದೇ ಮನೆಯವರು. "ಕೆಲಸ ಬೇಕೋ, ಗಾಳಿ ಬೇಕೋ" ಎಂದು ಬಡವನನ್ನು ಕೇಳುವುದೇ ಅನ್ಯಾಯ. ಎರಡೂ ಬೇಕು, ಎರಡೂ ಸಾಧ್ಯ. ಎರಡೂವರೆ ಸೆಂಟ್ಸ್ ಜಾಗ ಮತ್ತು ಒಬ್ಬ ಕೆಲಸಗಾರನ ಸಂಬಳದಲ್ಲಿ ಸಾಧ್ಯವಾಗುವುದನ್ನು ಅಸಾಧ್ಯವೆಂದು ನಂಬಿಸುವುದು ಸರಿಯಲ್ಲ.

ನಮ್ಮಿಂದ ಏನಾದೀತು?

ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ವಾಳೆಯ ಗುರ್ಕಾರರು ಮಾಡಬಹುದಾದ ಕೆಲವು ಕೆಲಸಗಳಿವೆ.

ವಾಸನೆಯ ದಿನಚರಿ ಬರೆದಿಡಿ. ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕು, ಎಷ್ಟು ಹೊತ್ತು ಇತ್ತು ಎಂದು ಹತ್ತು ಮನೆಗಳವರು ಮೂರು ತಿಂಗಳು ಬರೆದರೆ ಅದು ಬಾಯಿಮಾತಿನ ದೂರಿಗಿಂತ ಭಾರವಾಗುತ್ತದೆ.

ಪ್ರತಿ ಕಾರ್ಖಾನೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇರುತ್ತದೆ. ಮಾಹಿತಿ ಹಕ್ಕಿನಡಿ ಅದರ ಪ್ರತಿಯನ್ನು ಕೇಳಿ. ವಾಸನೆಯ ಬಗ್ಗೆ ಅದರಲ್ಲಿ ಏನು ಷರತ್ತು ಇದೆ ಎಂದು ಓದಿ. ಆಮೇಲೆ ಕಾರ್ಖಾನೆಯವರೊಡನೆ ಜಗಳಕ್ಕಲ್ಲ, ಮಾತಿಗೆ ಕುಳಿತುಕೊಳ್ಳಿ. "ಗಾಳಿಯನ್ನು ಎಲ್ಲಿ ಹಿಡಿಯುತ್ತೀರಿ? ಎಷ್ಟು ತಣ್ಣಗಾಗಿಸುತ್ತೀರಿ? ಹಾಸನ್ನು ಯಾವಾಗ ಬದಲಿಸಿದಿರಿ? ದಿನಾ ನೋಡಿಕೊಳ್ಳುವವರು ಯಾರು?" ಈ ನಾಲ್ಕು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದಂತೆಯೇ.

ಕೊನೆಯದಾಗಿ, ನಮ್ಮ ಹಿತ್ತಿಲನ್ನೂ ನೋಡಿಕೊಳ್ಳೋಣ. ನಮ್ಮವರ ಹಂದಿಗೂಡಿನ ವಾಸನೆಗೆ ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡದ್ದನ್ನು ನಾವು ಕಂಡಿಲ್ಲವೇ? ಹಬ್ಬದ ಮರುದಿನ ಸಭಾಭವನದ ಹಿಂದೆ ಕೊಳೆಯುವ ಊಟದ ರಾಶಿಯನ್ನು ಕಂಡಿಲ್ಲವೇ? ಗುಂಡಿಗೆ ಮುಚ್ಚಳ ಹಾಕಿ, ಗಾಳಿ ಹೊರಬರುವಲ್ಲಿ ಕಾಂಪೋಸ್ಟ್ ಮತ್ತು ತೆಂಗಿನ ನಾರು ತುಂಬಿದ ಒಂದು ಡ್ರಮ್ಮನ್ನು ಇಟ್ಟು ತೇವವಾಗಿರಿಸಿದರೆ ವಾಸನೆ ಬಹಳಷ್ಟು ತಗ್ಗುತ್ತದೆ. ನಾವು ಮಾಡಿ ತೋರಿಸಿದ ಮೇಲೆ ಕಾರ್ಖಾನೆಯವರಿಗೆ ಹೇಳುವ ಮಾತಿಗೆ ಬಲ ಬರುತ್ತದೆ.

2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಬರೆದ 'ಲಾವ್ದಾತೊ ಸಿ' ಪತ್ರದಲ್ಲಿ, ಮಾಲಿನ್ಯದ ಹೊರೆ ಬಡವರ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬ ಎಚ್ಚರಿಕೆ ಇದೆ. ಅದನ್ನು ನಾವು ಧ್ಯಾನಕೂಟಗಳಲ್ಲಿ ಓದಿದ್ದೇವೆ. ಗಾಳಿಯ ವಿಷಯದಲ್ಲಿ ಅದು ಕಣ್ಣಿಗೆ ಕಾಣುತ್ತದೆ: ಹಣವಿದ್ದವನು ಮನೆ ಬದಲಿಸುತ್ತಾನೆ, ಇಲ್ಲದವನು ರೂಢಿ ಮಾಡಿಕೊಳ್ಳುತ್ತಾನೆ.

ಕುಳಗೇರಿ ಕ್ರಾಸ್‌ನ ಆ ಯಜಮಾನರ ಅಕ್ಕನ ಮುಖವನ್ನು ನಾವು ನೋಡಿಲ್ಲ. ಮದುವೆಯಾಗಿ ಹೊಸ ಊರಿಗೆ ಬಂದು ಊಟ ಸೇರದೆ ಕುಳಿತ ಆ ಮೊದಲ ದಿನಗಳಲ್ಲಿ ಅವರ ಮೂಗು ಸತ್ಯವನ್ನೇ ಹೇಳುತ್ತಿತ್ತು. ಆ ಮಾತನ್ನು ಅಂದು ಯಾರಾದರೂ ಕೇಳಿಸಿಕೊಂಡಿದ್ದರೆ ಅವರು ರೂಢಿ ಮಾಡಿಕೊಳ್ಳಬೇಕಾಗಿರಲಿಲ್ಲ. ಕೋಟೆಪುರದಲ್ಲಿಯೂ, ಬಾಗಲಕೋಟೆಯ ಬಯಲಿನಲ್ಲಿಯೂ ಹೊಸ ಮಕ್ಕಳು ಹುಟ್ಟುತ್ತಿದ್ದಾರೆ. ಅವರಿಗೂ ರೂಢಿಯಾಗುವ ಮೊದಲೇ ನಾವು ಕೇಳಿಸಿಕೊಳ್ಳಬೇಕು.